ದೆವ್ವಕ್ಕೆ ಕೊಡದ ಅಳು

ಸಂಶಯ ಪಡುವುದು ಒಂದು ರೋಗ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಅವರ ಮೇಲೆಯೇ ಸಂಶಯ ಬರುತ್ತದೆ. ಅವರ ಕಿಸೆಯಲ್ಲಿ ಟಿಕೆಟ್ ಇರಲಿಕ್ಕಿಲ್ಲ. ನನ್ನದು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ನೌಕರಿ. ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಓಡಾಡುವ ಬಸ್ಸುಗಳನ್ನು ಯಾವುದೋ ಹಳ್ಳಿಯ ಕ್ರಾಸಿನಲ್ಲಿ, ಬೇವಿನ ಗಿಡದ ಮರೆಯಿಂದ ಹಠಾತ್ತನೆ ಹೊರಬಂದು ಕೈಮಾಡಿ ನಿಲ್ಲಿಸಿ, ಒಳಗೆ ಹತ್ತಿ, ಒಬ್ಬೊಬ್ಬರ ಮುಖವನ್ನೂ ಟಿಕೆಟ್ಟನ್ನೂ ತಾಳೆ ನೋಡುತ್ತ ಹಿಂದಿನ ಸೀಟಿನವರೆಗೆ ಹೋಗುವುದರಲ್ಲಿ ನನ್ನ ಆಯುಷ್ಯದ ಬಹುಭಾಗ ಕಳೆದಿದೆ. ಆ ಅನುಭವದಿಂದ ಹೇಳುತ್ತೇನೆ: ನಾನು ಹತ್ತಿದ ಕೂಡಲೇ ಕಿಟಕಿಯ ಹೊರಗಿನ ಎರೆಹೊಲದ ಚೆಲುವನ್ನು ನೋಡತೊಡಗಿದವನು ಟಿಕೆಟ್ ತೆಗೆಸಿರುವುದಿಲ್ಲ. ಆಗಷ್ಟೇ ಗಾಢ ನಿದ್ದೆ ಹತ್ತಿದವನೂ ತೆಗೆಸಿರುವುದಿಲ್ಲ. ಎದ್ದು ನಿಂತು, 'ಅರಾಮದೀರೇನ್ರಿ ಸಾಹೇಬ್ರ, ಮನಿ ಕಡೆ ಎಲ್ಲಾರೂ ಚಲೋ ಅದಾರ?' ಎಂದು ಕೇಳಿದವನಂತೂ ಹಿಂದಿನ ವಾರವೂ ಪುಕ್ಕಟೆ ಬಂದಿರುತ್ತಾನೆ. ಈಗ ಹೆಂಗಸರಿಗೆ ಬಸ್ಸೇ ಪುಕ್ಕಟೆಯಾದ ಮೇಲೆ ಅರ್ಧ ಬಸ್ಸು ನನಗೆ ಹೆದರುವುದನ್ನು ಬಿಟ್ಟಿದೆ. ಸೊನ್ನೆ ರೂಪಾಯಿಯ ಟಿಕೆಟ್ಟನ್ನು ನನ್ನ ಮುಖದ ಮುಂದೆ ಆರತಿಯಂತೆ ಎತ್ತಿ ಬೆಳಗುತ್ತಾರೆ. ಹೀಗಾಗಿ ನನ್ನ ಸಂಶಯದಲ್ಲಿ ಅರ್ಧದಷ್ಟಕ್ಕೆ ಕೆಲಸವಿಲ್ಲದಂತಾಗಿ, ಅದು ನನ್ನ ಜೊತೆಯೇ ಬಸ್ಸಿಳಿದು ಮನೆಗೆ ಬಂದು ಕೂಡತೊಡಗಿದೆ. ನಾನು ತಾಟಿನೊಳಗಿನ ರೊಟ್ಟಿಯನ್ನು ಎತ್ತಿ, ಮಗುಚಿ, ಬೆಳಕಿಗೆ ಹಿಡಿದು ನೋಡುವುದನ್ನು ಕಂಡು ನನ್ನ ಹೆಂಡತಿ ಶಾಂತಾ, ಅದು ಇವತ್ತಿನದೇ, ನಿನ್ನೆಯದಲ್ಲ, ಬೇಕಾದರೆ ಒಂದು ತೂತು ಹೊಡೆದು ಕೊಡಲೇ ಎಂದು ಕೇಳುತ್ತಾಳೆ.

ಇಂಥ ಮನೆಗೆ ಮಗಳು ವಿಜಯಾ ಒಂದು ದೆವ್ವವನ್ನು ಕರೆದುಕೊಂಡು ಬಂದಳು. ಆಕೆ ರೋಣದಿಂದ ದಿನಾಲೂ ಬಸ್ಸಿನಲ್ಲಿ ಗಜೇಂದ್ರಗಡಕ್ಕೆ ಹೋಗಿ ಅಲ್ಲಿ ಡಿಗ್ರಿ ಓದುತ್ತಾಳೆ. ಅವಳ ವಿಷಯಗಳಲ್ಲಿ ಪತ್ರಿಕೋದ್ಯಮವೂ ಒಂದು. ಅದನ್ನು ಕಲಿಸುವ ಸರ್ ಹುಡುಗರನ್ನು ಗುಂಪು ಮಾಡಿ, ಒಂದೊಂದು ಗುಂಪೂ ಒಂದು ಹಾರರ್ ಸಿನಿಮಾದ ಟ್ರೇಲರ್ ತಯಾರಿಸಬೇಕು, ಎಲ್ಲವನ್ನೂ ಕಾಲೇಜಿನ ದೊಡ್ಡ ಹಾಲಿನಲ್ಲಿ ಎಲ್ಲರ ಮುಂದೆ ತೋರಿಸಲಾಗುವುದು ಎಂದಿದ್ದರಂತೆ. ಸಿನಿಮಾ ಎಲ್ಲಿ ಎಂದು ಕೇಳಿದೆ. ಸಿನಿಮಾ ಇಲ್ಲ, ಟ್ರೇಲರ್ ಅಷ್ಟೇ ಎಂದಳು. ಮುಂದೆ ಯಾವಾಗಲಾದರೂ ಮಾಡುತ್ತೀರೇನು ಎಂದು ಕೇಳಿದೆ. ಮಾಡುವುದಿಲ್ಲ ಎಂದಳು. ಓಡದ ಬಸ್ಸಿಗೆ ಮುಂಗಡ ಟಿಕೆಟ್ ಹರಿಯುವ ಇಂಥ ವ್ಯವಹಾರವನ್ನು ನಾನು ನನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ. ಅಂದಿನಿಂದಲೇ ಎಚ್ಚರಾದೆ.

ಗುಂಪಿನಲ್ಲಿದ್ದವರು ಮೂವರು. ಕಥೆ, ನಿರ್ದೇಶನ ವಿಜಯಾಳದು. ಕ್ಯಾಮೆರಾ ಮುಶಿಗೇರಿಯ ಮಲ್ಲುವಿನದು. ಕ್ಯಾಮೆರಾ ಎಂದರೆ ಅವನ ಮೊಬೈಲು. ಸದ್ದುಗಳ ಜವಾಬ್ದಾರಿ ರುಬೀನಾಳದು. ಅವಳ ಮನೆ ಗಜೇಂದ್ರಗಡದಲ್ಲಿ, ತಂದೆಗೆ ಬಳೆಯ ವ್ಯಾಪಾರ. ರವಿವಾರ ಅವರೆಲ್ಲ ನಮ್ಮ ಪಡಸಾಲೆಯಲ್ಲಿ ಕೂಡಿ, ಟ್ರೇಲರ್ ಹೇಗೆ ಕಾಣಬೇಕು, ಹೇಗೆ ಕೇಳಬೇಕು ಎಂದು ಗೊತ್ತುಮಾಡುತ್ತಿದ್ದರು. ನಾನು ಪೇಪರನ್ನು ಮುಖಕ್ಕೆ ಹಿಡಿದು ಅದರ ಅಂಚಿನಿಂದ ತಪಾಸಣೆ ನಡೆಸುತ್ತಿದ್ದೆ. ಮಲ್ಲು ಬಂದಾಗಿನಿಂದ ಕಿಟಕಿಯ ಹೊರಗೇ ನೋಡುತ್ತಿದ್ದ. ಹರೆಯದ ಹುಡುಗ, ಮನೆಯಲ್ಲಿ ಮಗಳು, ಅದರ ಮೇಲೆ ಕಿಟಕಿ. ತಡೆಯಲಾಗದೆ, ಏನು ನೋಡುತ್ತೀಯಪ್ಪ ಎಂದು ಕೇಳಿಯೇಬಿಟ್ಟೆ. 'ಬೆಳಕ ನೋಡಾಕತ್ತಿದ್ದೆರಿ,' ಎಂದ. ಬೆಳಕು ನೋಡುವುದಕ್ಕೂ ಒಬ್ಬ ಮನುಷ್ಯ ಬೇಕೇ? ನಾನು ಅವನ ಹೆಸರಿನ ಮುಂದೆ ಮನಸ್ಸಿನಲ್ಲಿಯೇ ಒಂದು ಗೀಟು ಎಳೆದುಕೊಂಡೆ.

ಮೊದಲ ರವಿವಾರ ದೆವ್ವದ ವೇಷಭೂಷಣ ನಿಶ್ಚಯವಾಗಬೇಕಿತ್ತು. ಬಿಳಿ ಸೀರೆ, ಬಿಚ್ಚಿದ ಕೂದಲು, ಕತ್ತಲೆ, ಎಲ್ಲದಕ್ಕೂ ಮೇಲೊಂದಿಷ್ಟು ನೀಲಿ ಬಣ್ಣ ಎಂದು ಮಲ್ಲು ಹೇಳುತ್ತಿದ್ದ. ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ನನ್ನ ಅವ್ವ ಗೌರವ್ವ ಮೊರದಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ಅವ್ವ ಯಾವ ಮಾತಿಗೂ ತಲೆ ಎತ್ತುವುದಿಲ್ಲ, ಯಾವ ಮಾತನ್ನೂ ಬಿಡುವುದೂ ಇಲ್ಲ. ಕಡಲೆಯೊಳಗಿನ ಹರಳನ್ನು ಆರಿಸಿ ಒಗೆಯುತ್ತಲೇ ಅವಳು ಕೇಳಿದಳು: 'ಬಿಳಿ ಸೀರಿ ಯಾಕ? ಮುತ್ತೈದಿ ಸತ್ರ ಹಸರ ಸೀರಿ ಉಡಿಸಿ, ಹಸರ ಬಳಿ ಇಡಿಸಿ ಕಳಸ್ತಾರ. ಹೋಗಾಗ ಹಸರ ಉಟ್ಟು ಹೋದಾಕಿ ಬರಾಗ ಬಿಳಿ ಎಲ್ಲಿಂದ ತರ್ತಾಳ? ನಡುವ ಅಂಗಡಿ ಐತೇನ?'

ವಿಜಯಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಅವ್ವನಿಗೆ ಇಷ್ಟು ಸಾಕು. ಮೊರವನ್ನು ಬದಿಗಿಟ್ಟು ಸರಿದು ಕೂತಳು. 'ಮತ್ತ, ಆಕಿ ನಿಂತಕೊಂಡು ಯಾಕ ಬರ್ತಾಳ? ನಮ್ಮವರನ್ನ ಕುಂಡ್ರಿಸಿ ಮಣ್ಣ ಮಾಡ್ತಾರ. ಅಷ್ಟ ದಿನ ಚಕ್ಕಳಮಕ್ಕಳ ಕುಂತಾಕಿಗೆ ಒಮ್ಮಿಗೇ ಎದ್ದು ಓಡಾಕ ಬರ್ತೈತೇನ? ಮೊದಲ ಮೊಣಕಾಲ ನೀವಿಕೊಂತಾಳ.' ರುಬೀನಾ ನಕ್ಕ ರಭಸಕ್ಕೆ ಕೈಯಲ್ಲಿದ್ದ ಚಹಾ ಚೆಲ್ಲಿತು. ಆದರೆ ಮಲ್ಲು ನಗಲಿಲ್ಲ. ಕಿಟಕಿಯಿಂದ ಮುಖ ತಿರುಗಿಸಿ ಮೊದಲ ಸಲ ಅವ್ವನನ್ನು ನೋಡಿದ. ಕೂತ ದೆವ್ವ, ಅಜ್ಜಿ? ಕೂತ ದೆವ್ವ, ಎಂದಳು ಅವ್ವ. ಮತ್ತು ಅದು ಕತ್ತಲಲ್ಲಿ ಬರುವುದಿಲ್ಲ, ಮಟಮಟ ಮಧ್ಯಾಹ್ನ ಬರುತ್ತದೆ. ಗಳೆ ಹೊಡೆಯುವವರು ಎತ್ತು ಬಿಚ್ಚಿ ಬೇವಿನ ನೆರಳಿಗೆ ಅಡ್ಡಾಗಿರುವ ಹೊತ್ತು, ಹಾದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ, ನಮ್ಮ ನೆರಳು ನಮ್ಮ ಕಾಲಡಿಗೇ ಅಡಗಿರುತ್ತದೆ. ಆ ಹೊತ್ತಿನಲ್ಲಿ ಆಳೆತ್ತರ ಬೆಳೆದ ಜೋಳದ ನಡುವೆ ಬೆನ್ನು ತಿರುಗಿಸಿ, ಹಸಿರು ಸೀರೆ ಉಟ್ಟುಕೊಂಡು, ಒಬ್ಬಳು ಸುಮ್ಮನೆ ಕೂತಿರುತ್ತಾಳೆ. ಸೀರೆ ಯಾವುದು, ಜೋಳದ ಎಲೆ ಯಾವುದು ಎಂದು ತಿಳಿಯುವುದಿಲ್ಲ. ಬಳೆ ಸದ್ದಾದಾಗಲೇ ತಿಳಿಯುವುದು. ಇಷ್ಟು ಹೇಳಿ ಅವ್ವ ಮತ್ತೆ ಮೊರ ಎಳೆದುಕೊಂಡಳು. ನಾನು ಪೇಪರ್ ಕೆಳಗಿಳಿಸಿ ನೋಡಿದರೆ ಮುಂಗೈಯ ರೋಮಗಳೆಲ್ಲ ಎದ್ದು ನಿಂತಿದ್ದವು. ಹೊರಗೆ ಸುಡುವ ಬಿಸಿಲಿತ್ತು. ನೀಲಿ ಬಣ್ಣದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೀಗೆ ನೋಟದ ಪ್ರಶ್ನೆ ಬಗೆಹರಿಯಿತು. ಉಳಿದದ್ದು ಸದ್ದು. ರುಬೀನಾ ತನ್ನ ತಂದೆಯ ಹಳೆಯ ಕಾಲುಚೀಲವನ್ನು ಮೊಬೈಲಿಗೆ ತೊಡಿಸಿ, ಗಾಳಿಯ ಗದ್ದಲ ಒಳಗೆ ನುಗ್ಗದಂತೆ ಮಾಡಿಕೊಂಡು, ಊರೂರ ಸದ್ದು ಕೂಡಿಹಾಕುತ್ತಿದ್ದಳು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಹೂಂ ಹೂಂ ಎನ್ನುವುದು, ಅವರ ಓಣಿಯ ಕೈಮಗ್ಗದ ಲಾಳಿ ಆ ಕಡೆಯಿಂದ ಈ ಕಡೆಗೆ ಹೊಡೆಯುವುದು, ನಮ್ಮ ಹಿತ್ತಲ ಬಾಗಿಲು ನರಳುವುದು, ಎಲ್ಲ ಅವಳ ಕಾಲುಚೀಲದೊಳಗಿದ್ದವು. ಹೆದರಿಸುವುದಕ್ಕೆ ಸದ್ದು ಅಷ್ಟು ಮುಖ್ಯವೇ ಎಂದು ನಾನು ಕೇಳಿದ್ದಕ್ಕೆ ಅವಳು, 'ಕಣ್ಣ ಮುಚ್ಚಿದ್ರ ನೋಡೂದು ನಿಂದರ್ತೈತ್ರಿ ಕಾಕಾ. ಕಿವಿಗೆ ರೆಪ್ಪಿ ಎಲ್ಲಿ ಅದಾವ?' ಎಂದಳು. ಮಾತೇನೋ ಸರಿ. ಆದರೆ ಇಷ್ಟು ಸರಿಯಾಗಿ ಮಾತಾಡುವವರ ಬಗ್ಗೆ ನಾನು ಇನ್ನಷ್ಟು ಜಾಗೃತನಾಗಿರುತ್ತೇನೆ. ನನ್ನ ಅನುಮಾನ ಖರೆಯಾಯಿತು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಅವ್ವನ ಹತ್ತಿರ ಸರಿದು ಕೂತು, ಟ್ರೇಲರಿನ ಕೊನೆಗೆ ಒಂದು ಮನುಷ್ಯರ ದನಿ ಬೇಕು, ನೀವು ಹಾಡಿ ಅಳುತ್ತೀರಂತಲ್ಲ ಅಜ್ಜಿ, ಅದನ್ನು ಕೊಡುತ್ತೀರೇನು ಎಂದು ಕೇಳಿದಳು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಬರಿದೇ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರು ಯಾರು, ಎಂಥವರು, ಏನು ಉಣ್ಣುತ್ತಿದ್ದರು, ಯಾರಿಗೆ ಏನು ಮಾಡಿದರು, ಯಾರು ಅವರಿಗೆ ಏನು ಮಾಡಲಿಲ್ಲ, ಎಲ್ಲವೂ ಆ ಅಳುವಿನಲ್ಲಿ ಸಾಲುಸಾಲಾಗಿ ಬರುತ್ತದೆ. ಅವ್ವ ಇದರಲ್ಲಿ ಹೆಸರಾದವಳು. ಎಲ್ಲಿಯೇ ಸಾವಾಗಲಿ, ಗೌರವ್ವ ಬಂದಳೇನು ಎಂದು ಕೇಳಿಕೊಂಡೇ ಉಳಿದವರು ದನಿ ತೆಗೆಯುತ್ತಿದ್ದರು. ಕೂಲಿಗೆ ಅಳುವವಳಲ್ಲ, ಸಂಬಂಧಕ್ಕೆ ಅಳುವವಳು. ಒಮ್ಮೆ ಶಿರೋಳದಲ್ಲಿ ನಮ್ಮ ನೆಂಟರ ಹಿರಿಯರೊಬ್ಬರು ತೀರಿಕೊಂಡಾಗ ಅವ್ವ ತನ್ನ ಅಳುವಿನ ನಡುವೆ, ಇನ್ನೊಂದು ಕಪ್ ಚಹಾ ಕೇಳಿದ್ದೆಲ್ಲೋ ಅಣ್ಣಾ, ಆ ಚಹಾ ಇನ್ನೂ ಕುದಿಯುತ್ತಲೇ ಇದೆಯಲ್ಲೋ ಅಣ್ಣಾ ಎಂದು ಹಾಡಿಬಿಟ್ಟಳು. ಆ ಮನೆಯ ಸೊಸೆ ಅಂದಿನಿಂದ ಹಾದಿಯಲ್ಲಿ ಹೋಗುವ ಮುದುಕರನ್ನೆಲ್ಲ ಕರೆದು ಚಹಾ ಕುಡಿಸುತ್ತಾಳೆ. ನಾನು ಬಸ್ಸಿನಲ್ಲಿ ಮಾಡುವ ಕೆಲಸವನ್ನು ಅವ್ವ ಸಾವಿನ ಮನೆಯಲ್ಲಿ ಮಾಡುತ್ತಾಳೆ ಎಂದು ನನಗೆ ಅನೇಕ ಸಲ ಅನಿಸಿದೆ. ವ್ಯತ್ಯಾಸವೆಂದರೆ ನನ್ನ ಕೈಯಿಂದ ಜನ ತಪ್ಪಿಸಿಕೊಳ್ಳುತ್ತಾರೆ.

ಅವ್ವನಿಗೆ ಒಬ್ಬಳೇ ಸರಿಸಾಟಿ ಇದ್ದಳು: ಅವಳ ತಂಗಿ, ನರಗುಂದದ ನೀಲವ್ವ ಚಿಗವ್ವ. ಯಾರು ಮೊದಲು ಹೋದರೂ ಉಳಿದವಳು ಅಳಬೇಕು ಎಂದು ಅಕ್ಕತಂಗಿಯರಲ್ಲಿ ಮಾತಾಗಿತ್ತು. ಹೋದ ವರ್ಷ ಚಿಗವ್ವ ಹೋದಳು. ಅವ್ವ ಅತ್ತ ಅಳುವಿಗೆ ಆ ಓಣಿಯ ಗಿರಣಿಯವನು ಗಿರಣಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದ. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತ ಅವ್ವ, 'ಆಕಿದು ಪಾಡಾತು, ಅಳಾಕ ನಾ ಇದ್ದೆ. ಇನ್ನ ನನಗ ಅಳಾವ್ರು ಯಾರು?' ಎಂದಳು. ನಾವೆಲ್ಲ ಇಲ್ಲವೇ ಎಂದೆ. 'ನೀ ಅಳೂದಿಲ್ಲ, ಮೂಗ ಒರಸ್ಕೊಂತಿ. ಶಾಂತಾ ಕರವಸ್ತ್ರ ಹಿಡಕೊಂಡು ಕುಂದರ್ತಾಳ. ಸತ್ತಾಕಿ ಎಂಥಾಕಿ ಇದ್ಲು ಅಂತ ಮಂದಿಗೆ ತಿಳೀಬೇಕಲ್ಲ,' ಎಂದಳು. ನಾನು ಕಿಟಕಿಯ ಹೊರಗಿನ ಸೂರ್ಯಕಾಂತಿ ಹೊಲ ನೋಡತೊಡಗಿದೆ. ಆ ವರ್ಷ ಸೂರ್ಯಕಾಂತಿ ಚೆನ್ನಾಗಿ ಬಂದಿತ್ತು.

ಅಂಥ ಅವ್ವ ಈಗ ರುಬೀನಾಳಿಗೆ ಆಗುವುದಿಲ್ಲ ಎಂದು ಖಂಡತುಂಡವಾಗಿ ಹೇಳಿದಳು. 'ಯಾರಿಗಂತ ಅಳ್ಲಿ? ಹೆಸರ ಬೇಕು. ಹೆಸರ ಇಲ್ಲದ ಅತ್ರ ಅದು ಅಳು ಅಲ್ಲ, ಕೆಮ್ಮು.' ದೆವ್ವದ ಹೆಸರು ಹಿಡಿದು ಅಳಿರಿ ಎಂದ ಮಲ್ಲು. ಆಕೆ ನಮಗೆ ಏನಾಗಬೇಕು ಎಂದು ಅವ್ವ ಕೇಳಿದಳು. ವಿಜಯಾಳ ಮುಖ ಸಣ್ಣದಾಯಿತು. ನಮ್ಮ ಅಜ್ಜಿಯ ದನಿ ಕೇಳಿದರೆ ಹಾಲಿನ ಕುರ್ಚಿಗಳೂ ನಡುಗುತ್ತವೆ ಎಂದು ಅವಳು ಕ್ಲಾಸಿನಲ್ಲಿ ಆಗಲೇ ಹೇಳಿ ಬಂದಿದ್ದಳಂತೆ. ಉಳಿದ ಗುಂಪಿನವರೆಲ್ಲ ಇಂಟರ್ನೆಟ್ಟಿನಿಂದ ಕಿರುಚಾಟ ಇಳಿಸಿಕೊಂಡಿದ್ದಾರೆ. ನಮ್ಮದೊಂದೇ ಈ ಮಣ್ಣಿನ ದನಿ ಎಂದು ಸರ್ ಹೊಗಳಿಯೂ ಆಗಿತ್ತು. ಈಗ ಬರಿಗೈಲಿ ಹೋದರೆ ಮೂವರ ಮರ್ಯಾದೆ ಹೋದಂತೆಯೇ. ಎರಡು ದಿನ ನಮ್ಮ ಮನೆಯಲ್ಲಿ ದೆವ್ವವಿಲ್ಲದೆಯೇ ಸಾವಿನ ಕಳೆ ಇತ್ತು.

ಮೂರನೆಯ ದಿನ ಅವ್ವ ತಾನಾಗಿಯೇ ಮೊಮ್ಮಗಳನ್ನು ಕರೆದು, ಅಳುತ್ತೇನೆ, ಹೆಸರು ಸಿಕ್ಕಿತು ಎಂದಳು. ಯಾರ ಹೆಸರು ಎಂದು ನಾನು ಕೇಳಿದೆ. 'ನಿನಗ್ಯಾಕ ಬೇಕದು,' ಎಂದಳು. ಇಲ್ಲಿಂದ ನನ್ನ ಕಷ್ಟ ಸುರುವಾಯಿತು. ಅವ್ವ ಹಟ ಬಿಟ್ಟುಕೊಡುವವಳಲ್ಲ; ಬಿಟ್ಟುಕೊಟ್ಟಳೆಂದರೆ ಅದರ ಬದಲಿಗೆ ಏನೋ ಪಡೆಯುತ್ತಿದ್ದಾಳೆ. ನಾನು ಮನೆಗೆ ಬಂದ ಕೂಡಲೇ ಅಜ್ಜಿ ಮೊಮ್ಮಗಳ ಮಾತು ಗಕ್ಕನೆ ನಿಲ್ಲುತ್ತಿತ್ತು. ಅವ್ವ ನನ್ನನ್ನೇ ದಿಟ್ಟಿಸುತ್ತಿದ್ದಳು, ಅಳತೆ ತೆಗೆಯುವ ಸಿಂಪಿಗನಂತೆ. ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ, ಸಣ್ಣವನಿದ್ದಾಗ ಏನು ಮಾಡಿಕೊಟ್ಟರೆ ಬಹಳ ಉಣ್ಣುತ್ತಿದ್ದೆ, ನೆನಪಿದೆಯೇನು ಎಂದು ಕೇಳಿದಳು. ಗೋಧಿ ಬೆಲ್ಲದ ಮಾದ್ಲಿ ಎಂದೆ. ಹೌದು, ಮಾದ್ಲಿ ಎಂದು ಏನನ್ನೋ ಕೂಡಿಸಿಕೊಂಡವಳಂತೆ ತಲೆದೂಗಿದಳು. ಮರುದಿನ, ನಿನಗೆ ಜ್ವರ ಬಂದಾಗ ಗದಗಿನ ದವಾಖಾನಿಗೆ ಹೊತ್ತುಕೊಂಡು ಹೋದದ್ದು ನೆನಪಿದೆಯೇ ಎಂದಳು. ಇನ್ನೊಂದು ದಿನ, ನೌಕರಿ ಹತ್ತಿದಾಗ ಮೊದಲ ಸಲ ಖಾಕಿ ಹಾಕಿಕೊಂಡು ಬಂದು ನಿಂತೆಯಲ್ಲ, ಅದು ಯಾವ ಕಾಲ, ಸುಗ್ಗಿಯೋ ಮಳೆಗಾಲವೋ ಎಂದು ಕೇಳಿದಳು.

ಇದನ್ನೆಲ್ಲ ಕೂಡಿಸಿ ನೋಡಿದರೆ ಯಾವ ತಪಾಸಣೆಗಾರನಿಗೂ ತಿಳಿಯುತ್ತಿತ್ತು. ಅಳುವುದಕ್ಕೆ ಒಂದು ಹೆಸರು ಬೇಕು. ಹೆಸರು ಸಿಕ್ಕಿದೆ. ಸಣ್ಣಂದಿನಿಂದ ಹಿಡಿದು ನನ್ನ ಇಡೀ ಬಾಳಿನ ವಿವರ ಸಂಗ್ರಹವಾಗುತ್ತಿದೆ. ಮಗಳ ಟ್ರೇಲರಿಗಾಗಿ ಹೆತ್ತ ತಾಯಿ ನನ್ನನ್ನೇ ಸಾಯಿಸಲು ಒಪ್ಪಿಕೊಂಡಿದ್ದಾಳೆ. ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಗತೊಡಗಿತು. ಯಾರಿಗೂ ಹೇಳದೆ ದವಾಖಾನಿಗೆ ಹೋದೆ. ಡಾಕ್ಟರು ಎಲ್ಲ ನೋಡಿ, ಏನೂ ಇಲ್ಲ, ಅರಾಮ ಹೋಗಿರಿ ಎಂದರು. ಎಲ್ಲಿಗೆ ಎಂದು ಕೇಳಬೇಕೆನಿಸಿತು. ಅವರು ಹೇಳುವಾಗ ನನ್ನ ಮುಖ ನೋಡಿರಲಿಲ್ಲ. ಶಾಂತಾಳ ಮುಂದೆ ಮಾತು ತೆಗೆದರೆ, ಅತ್ತೆಯವರು ಯಾರಿಗೆ ಬೇಕಾದರೂ ಅಳಲಿ, ಸಂತೆಯಿಂದ ಬದನೆಕಾಯಿ ತರುವುದು ಮರೆಯಬೇಡಿ ಎಂದಳು. ಬದುಕಿರುವವನಿಗೆ ಹೇಳುವ ಮಾತೇ ಅದು. ಆದರೂ ನನಗೆ ಸಮಾಧಾನವಾಗಲಿಲ್ಲ.

ರೆಕಾರ್ಡಿಂಗಿನ ದಿನ ಯಾವುದು ಎಂದು ನನಗೆ ಯಾರೂ ಹೇಳಲಿಲ್ಲ. ಆದರೆ ಆ ದಿನ ಮುಂಜಾನೆ ಅವ್ವ, ಇವತ್ತು ಯಾವ ಕಡೆ ಡ್ಯೂಟಿ ಎಂದು ಮೃದುವಾಗಿ ವಿಚಾರಿಸಿದಳು. ಎಂದೂ ಕೇಳದವಳು. ನರಗುಂದದ ಕಡೆ, ಸಂಜೆಗೆ ಬರುತ್ತೇನೆ ಎಂದು ಹೇಳಿ ಹೊರಟೆ. ಅರ್ಧ ದಿನ ರಜೆ ಹಾಕಿ ನಡು ಮಧ್ಯಾಹ್ನದ ಹೊತ್ತಿಗೆ ತಿರುಗಿ ಬಂದೆ. ಮುನ್ಸೂಚನೆ ಇಲ್ಲದೆ ಎದುರು ಹೋಗಿ ನಿಲ್ಲುವುದು ನನ್ನ ವೃತ್ತಿಯ ಮೂಲಮಂತ್ರ. ಆದರೆ ನಮ್ಮ ಓಣಿಯ ಬಾಯಿಗೆ ಬರುತ್ತಲೇ ಚಹಾದಂಗಡಿಯ ಹುಸೇನಸಾಬರು ನನ್ನನ್ನು ಕಂಡು, 'ಯಾಕ್ರಿ ಸಾಹೇಬ್ರ, ಇಲ್ಲೇ ನಿಂತೀರಿ? ಅಲ್ಲಿ ಅವ್ವಾರು ಅಳಾಕ ಕುಂತಾರಲ್ಲ,' ಎಂದರು. ಕೇಳಿದರೆ, ಮಧ್ಯಾಹ್ನ ಅಳುತ್ತೇನೆ, ಯಾರೋ ಸತ್ತರೆಂದು ಯಾರೂ ಅಂಗಡಿ ಮುಚ್ಚಬೇಡಿರಿ, ಯಾರೂ ನೆಂಟರಿಗೆ ಫೋನು ಮಾಡಬೇಡಿರಿ ಎಂದು ಅವ್ವ ಮುಂಜಾನೆಯೇ ಓಣಿಗೆಲ್ಲ ಹೇಳಿಕಳಿಸಿದ್ದಳಂತೆ. ಓಣಿಯ ನಾಯಿಯಿಂದ ಹಿಡಿದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಹಿತ್ತಲ ಬಾಗಿಲಿನಿಂದ, ಅದು ನರಳದಂತೆ ಎತ್ತಿ ಹಿಡಿದು ತೆರೆದು, ಒಳಗೆ ಹೋಗಿ ಜೋಳದ ಚೀಲಗಳ ಹಿಂದೆ ನಿಂತೆ. ಪಡಸಾಲೆ ತುಂಬ ಓಣಿಯ ಹೆಂಗಸರು, ಅವರ ನಡುವೆ ಶಾಂತಾ, ವಿಜಯಾ, ಮಲ್ಲು. ಹಳೆಯ ಬಟ್ಟೆ ಹೊಲಿದ ಕೌದಿಯೊಂದನ್ನು ಸುತ್ತಿ, ಗೋಡೆಗೆ ಆನಿಸಿ, ಮನುಷ್ಯರಂತೆ ಕೂರಿಸಿ, ಮೇಲೆ ಒಂದು ಶಾಲು ಹೊದಿಸಿದ್ದರು. ಅದರ ಎತ್ತರ ನನ್ನ ಎತ್ತರಕ್ಕೆ ಸರಿಹೋಗುತ್ತದೆಯೇ ಎಂದು ನಾನು ಕಣ್ಣಲ್ಲೇ ತೂಗಿ ನೋಡಿದೆ. ಎದುರಿಗೆ ಅವ್ವ. ಅವಳ ಮುಂದೆ ರುಬೀನಾಳ ಕಾಲುಚೀಲ ತೊಟ್ಟ ವಿಜಯಾಳ ಮೊಬೈಲು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ರುಬೀನಾ ಕಣ್ಣು ಮುಚ್ಚಿದ್ದಳು. ಅವ್ವ ದನಿ ಎತ್ತಿದಳು. ನಾನು ಆ ದನಿಯನ್ನು ಬೇರೆಯವರ ಮನೆಯಲ್ಲಿ ಕೇಳಿದ್ದೇನೆ. ನನ್ನ ಮನೆಯಲ್ಲಿ, ನನ್ನ ಜೋಳದ ಚೀಲದ ಹಿಂದೆ ನಿಂತು ಕೇಳುವುದು ಬೇರೆ. ಮಾದ್ಲಿಯ ಮಾತು ಬಂತು. ಜ್ವರದ ಮಾತು ಬಂತು. ಕೊನೆಗೆ ಈರಪ್ಪ ಎಂದು ನನ್ನ ಹೆಸರೇ ಬಂತು. ನಾನು ಚೀಲ ಹಿಡಿದುಕೊಂಡೆ. ಆದರೆ ಅದು ಮುಂದೆ ಹೀಗೆ ಹೋಯಿತು:

'ಎದ್ದು ನೋಡ ನನ್ನ ಗೌರವ್ವಾ, ನಿನ್ನ ಮಗ ಈರಪ್ಪ ಬಂದಾನ. ಊರ ಮಂದಿ ಕೈಯಾಗಿನ ಟಿಕೇಟ ನೋಡಾಂವ ಬಂದಾನ. ಟಿಕೇಟ ಇಲ್ಲದ ಹೊಂಟ್ಯಲ್ಲ ನನ್ನವ್ವಾ, ಹ್ಯಾಂಗ ಬಿಟ್ಟನ ನಿನ್ನ?'

ಆಗ ತಿಳಿಯಿತು. ಗೋಡೆಗೆ ಆನಿಸಿ ಕೂರಿಸಿದ್ದು ಅವ್ವನ ಕೌದಿ, ಹೊದಿಸಿದ್ದು ಅವ್ವನ ಶಾಲು. ಮಾದ್ಲಿ ಉಂಡವನ ಬಗ್ಗೆ ಅಲ್ಲ, ಮಾಡಿಕೊಟ್ಟವಳ ಬಗ್ಗೆ ಅವಳು ಹಾಡುತ್ತಿದ್ದಳು. ಜ್ವರ ಬಂದವನ ಬಗ್ಗೆ ಅಲ್ಲ, ಹೊತ್ತುಕೊಂಡು ಹೋದವಳ ಬಗ್ಗೆ. ಅವ್ವ ತನ್ನ ಸಾವಿಗೆ ತಾನೇ ಅಳುತ್ತಿದ್ದಳು, ನೀಲವ್ವ ಚಿಗವ್ವ ಅಳಬೇಕಾಗಿದ್ದ ಹಾಗೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಬಸಮ್ಮ ಮಾತ್ರ ತಡೆಯಲಾಗದೆ, ನಮಗೆ ದಿನಾ ಮಜ್ಜಿಗೆ ಕೊಡುತ್ತಿದ್ದದ್ದನ್ನು ಬಿಟ್ಟಿರಲ್ಲ ಎಂದು ನೆನಪಿಸಿದಳು. ಅವ್ವ ಬಿಕ್ಕುವುದನ್ನು ಅರ್ಧಕ್ಕೇ ನಿಲ್ಲಿಸಿ, 'ಮಜ್ಜಿಗಿದು ಮುಂದ ಬರ್ತೈತಿ, ತಡಿ,' ಎಂದು ಹೇಳಿ, ಬಿಟ್ಟ ಜಾಗದಿಂದಲೇ ಮತ್ತೆ ಬಿಕ್ಕಿದಳು.

ಅಷ್ಟರಲ್ಲಿ ರುಬೀನಾ ಕಣ್ಣು ತೆರೆದು ಕೈ ಎತ್ತಿದಳು. 'ಅಜ್ಜಿ, ಒಂದ ನಿಮಿಷ. ಜ್ವಾಳದ ಚೀಲದ ಹಿಂದ ಯಾರೋ ಉಸರಾಡಾಕತ್ತಾರ.' ಪಡಸಾಲೆಯ ಹೆಂಗಸರೆಲ್ಲ ಒಮ್ಮೆಗೇ ಹಿಂದೆ ಸರಿದರು. ಟ್ರೇಲರಿಗೆ ಆ ಗಳಿಗೆಯೊಂದೇ ಸಾಕಾಗುತ್ತಿತ್ತು. ಅವ್ವ ಮಾತ್ರ ತಿರುಗಿಯೂ ನೋಡಲಿಲ್ಲ. 'ಅಂವ ಈರಪ್ಪನ ಇರ್ತಾನ, ತಪಾಸ ಮಾಡಾಕ ಬಂದಾನ. ಹೊರಗ ಬಾರಪಾ,' ಎಂದಳು. ನಾನು ಮೈತುಂಬ ಜೋಳದ ಧೂಳಿನೊಂದಿಗೆ ಹೊರಬಂದೆ. ಎಲ್ಲರ ಮುಂದೆ ಸಿಟ್ಟು ಮಾಡಬೇಕೆಂದಿದ್ದೆ. ದನಿ ಬೇರೆಯಾಗಿ ಬಂತು. ಇದನ್ನು ನನ್ನ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

'ಹೇಳಿದ್ದೆ. ಬಸ್ಸಿನ್ಯಾಗ ಕೇಳಿದ್ನಲ್ಲ, ನನಗ ಅಳಾವ್ರು ಯಾರಂತ. ನೀ ಕಿಟಕಿ ಹೊರಗ ನೋಡಿದಿ.'

ಬಸ್ಸಿನಲ್ಲಿ ಎಷ್ಟೋ ಜನ ನನ್ನ ಎದುರು ತಲೆ ತಗ್ಗಿಸಿ ನಿಂತದ್ದನ್ನು ನೋಡಿದ್ದೇನೆ. ಹಾಗೆ ನಿಂತಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ ಎಂಬುದು ನನಗೆ ಅವತ್ತು ಗೊತ್ತಾಯಿತು. ಅವ್ವ ಹೆಚ್ಚು ಹೊತ್ತು ಕಾಯಿಸಲಿಲ್ಲ. ಬಂದದ್ದು ಚಲೋ ಆಯಿತು, ಇಲ್ಲಿ ನಿನ್ನದೊಂದು ಜಾಗವಿದೆ ಎಂದಳು. ಬಾಗಿಲಲ್ಲಿ ಬಂದು ನಿಲ್ಲಬೇಕು, ಕೌದಿಯ ಕಡೆ ನೋಡಬೇಕು, ಒಂದು ಸಲ ಯವ್ವಾ ಅನ್ನಬೇಕು. 'ಹೆಚ್ಚಿಗಿ ಏನೂ ಅನಬ್ಯಾಡ, ಕೆಡಸ್ತಿ,' ಎಂದು ಎಚ್ಚರಿಸಿದಳು. ನಾನು ಬಾಗಿಲಿಗೆ ಹೋದೆ. ಅಲ್ಲಿಂದ ನೋಡಿದರೆ ಅವಳ ಶಾಲು ಹೊದ್ದ ಕೌದಿ ಗೋಡೆಗೆ ಆತು ಕೂತಿತ್ತು, ಸ್ವಲ್ಪ ಎಡಕ್ಕೆ ವಾಲಿಕೊಂಡು, ಅವ್ವ ಕೂರುವ ಹಾಗೆಯೇ. ಅದರ ಪಕ್ಕದಲ್ಲಿ ಅವ್ವನೇ ಕೂತು ನನ್ನನ್ನು ನೋಡುತ್ತಿದ್ದಾಳೆ ಎಂಬುದು ಆ ಕ್ಷಣದಲ್ಲಿ ನನಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಬಾಯಿ ತೆರೆದೆ. ಬಂದ ದನಿ ನನ್ನದಲ್ಲ. ತುಕ್ಕು ಹಿಡಿದ ಟ್ರಂಕನ್ನು ಗಚ್ಚಿನ ನೆಲದ ಮೇಲೆ ಎಳೆದಂತೆ, ಎಲ್ಲಿಯೋ ಸಿಕ್ಕಿಕೊಂಡು, ನಡುವೆ ಹರಿದು, ಮತ್ತೆ ಕೂಡಿಕೊಂಡು ಒಂದು ಯವ್ವಾ ಹೊರಬಿತ್ತು. ರುಬೀನಾ ಹೆಡ್‌ಫೋನ್ ಕಿತ್ತು ಮಡಿಲಿಗೆ ಹಾಕಿಕೊಂಡಳು. ಬಸಮ್ಮ ಮುಂಗೈ ತಿಕ್ಕಿಕೊಂಡಳು.

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು, ಹಳೆಯ ಟಿಕೆಟ್ಟನ್ನು ನಾನು ನೋಡುವ ಹಾಗೆ. ಖರೇನೇ ಅತ್ತುಬಿಟ್ಟೆಯೇನು ಎಂದು ಕೇಳಿದಳು. ಜೋಳದ ಧೂಳು ಎಂದೆ. ನಂಬಲಿಲ್ಲ. ನಂಬದಿದ್ದುದರಿಂದ ಅವಳ ಮುಖದಲ್ಲಿ ಒಂದು ಸಮಾಧಾನ ಬಂತು.

ಸಂಕಟ ಬಂದದ್ದು ಆಮೇಲೆ. ಎಲ್ಲ ಮುಗಿಯಿತೆಂದು ವಿಜಯಾ ಮೊಬೈಲು ಎತ್ತಿಕೊಂಡಾಗ ಅವ್ವ ಅವಳ ಕೈ ಹಿಡಿದಳು. 'ಇದು ನನ್ನ ಸಾವಿಂದು. ದೆವ್ವಕ್ಕ ಕೊಡೂದಿಲ್ಲ. ಎತ್ತಿಡು.' ಹಾಲಿನಲ್ಲಿ ತೋರಿಸುವ ದಿನ ಹತ್ತಿರ ಬಂದಿತ್ತು. ಹಸಿರು ಸೀರೆಯವಳು ಜೋಳದಲ್ಲಿ ಕೂತಾಗಿತ್ತು, ಗಾಳಿಯಂತ್ರ ಹೂಂಗುಟ್ಟಿ ಆಗಿತ್ತು, ಕೊನೆಯ ದನಿಯೊಂದೇ ಬಾಕಿ. ಅಳುತ್ತೇನೆ ಎಂದು ಒಪ್ಪಿಕೊಂಡಿದ್ದೆಯಲ್ಲ ಅಜ್ಜಿ ಎಂದಳು ವಿಜಯಾ. ಅಳುತ್ತೇನೆ ಎಂದಿದ್ದೆ, ಕೊಡುತ್ತೇನೆ ಎಂದಿದ್ದೆನೇ ಎಂದು ಅವ್ವ ಕೇಳಿದಳು. ಹುಡುಗರ ಮೊಬೈಲನ್ನು, ಕಾಲುಚೀಲವನ್ನು, ಇಡೀ ಓಣಿಯನ್ನು ಅವಳು ತನ್ನ ಕೆಲಸಕ್ಕೆ ಬಳಸಿಕೊಂಡಿದ್ದಳು. ಮೂವರ ಮುಖ ನೋಡಿ ಕೊನೆಗೆ ಅವಳಿಗೇ ಕನಿಕರ ಬಂದಿರಬೇಕು. ಗದ್ದದಿಂದ ನನ್ನ ಕಡೆ ತೋರಿಸಿ, 'ಅಂವಂದ ತಗೋರಿ. ಅದು ಬ್ಯಾರೆ ಯಾತಕ್ಕೂ ಉಪಯೋಗಕ್ಕ ಬರೂದಿಲ್ಲ,' ಎಂದಳು.

ಟ್ರೇಲರ್ ಹಾಲಿನಲ್ಲಿ ಓಡಿತು. ಉಳಿದ ಗುಂಪುಗಳ ಕಿರುಚಾಟಕ್ಕೆ ಹುಡುಗರು ಸೀಟಿ ಹೊಡೆದರಂತೆ. ನಮ್ಮವರದು ಬಂದಾಗ ಮೊದಲು ಯಾರಿಗೂ ಏನೂ ಅನಿಸಲಿಲ್ಲ: ಬಿಸಿಲು, ಜೋಳ, ಹೂಂ ಎನ್ನುವ ಗಾಳಿ, ಎಲ್ಲಿಯೋ ಲಾಳಿಯ ಹೊಡೆತ. ಎಲೆಗಳ ನಡುವೆ ಒಂದು ಬೆನ್ನು. ಬಳೆಯ ಸದ್ದು. ಆಮೇಲೆ ಎಲ್ಲ ಸದ್ದೂ ನಿಂತು, ಬಿಳಿ ಬಿಸಿಲಿನಲ್ಲಿ ನನ್ನ ಯವ್ವಾ. ಮುಂದಿನ ಸಾಲಿನ ಹುಡುಗಿಯರು ಕಾಲು ಮೇಲೆ ಎತ್ತಿಕೊಂಡರಂತೆ. ಸರ್ ಮಾತ್ರ, ಈ ದನಿಯನ್ನು ಯಾವ ಸಿನಿಮಾದಿಂದ ಎತ್ತಿದಿರಿ ಎಂದು ಕೇಳಿದರಂತೆ. ನಮ್ಮ ಅಪ್ಪನದು ಎಂದು ವಿಜಯಾ ಹೇಳಿದರೂ ಅವರು ನಂಬಲಿಲ್ಲ. ಎಲ್ಲ ಕಡೆಯೂ ಸಂಶಯದ ಜನ. ಮಲ್ಲು ಖುಷಿಯಿಂದ ಮನೆತನಕ ಬಂದು ಪೇಢೆ ಕೊಟ್ಟು, ಮತ್ತೆ ಕಿಟಕಿಯ ಹೊರಗೆ ಬೆಳಕು ನೋಡುತ್ತ ಕೂತ. ಅವನ ಹೆಸರಿನ ಮುಂದಿನ ಗೀಟನ್ನು ನಾನಿನ್ನೂ ಅಳಿಸಿಲ್ಲ. ಈಗ ಗಜೇಂದ್ರಗಡದ ಬಸ್ಸು ಹತ್ತಿ ನಾನು ಟಿಕೆಟ್ ಎಂದರೆ ಹಿಂದಿನ ಸೀಟಿನಿಂದ ಯಾರೋ ಸಣ್ಣಗೆ ಯವ್ವಾ ಎನ್ನುತ್ತಾರೆ, ಇಡೀ ಬಸ್ಸು ನಗುತ್ತದೆ. ಪುಕ್ಕಟೆ ಹೆಂಗಸರೂ ನಗುತ್ತಾರೆ.

ಅವ್ವನ ಅಳು ವಿಜಯಾಳ ಮೊಬೈಲಿನಲ್ಲಿದೆ. ಮೊಬೈಲಿನ ಮೇಲೆ ಅವ್ವನಿಗೆ ಭರವಸೆಯಿಲ್ಲ. ಆಗಾಗ ಮೊಮ್ಮಗಳನ್ನು ಕರೆದು ಇದೆಯೋ ಇಲ್ಲವೋ ನೋಡು ಎನ್ನುತ್ತಾಳೆ. ಕಿವಿಗೆ ಹಿಡಿದು ನಾಲ್ಕು ಸಾಲು ಕೇಳಿ, ಐತಿ ಎಂದು ತಿರುಗಿ ಕೊಡುತ್ತಾಳೆ. ಆ ಮಧ್ಯಾಹ್ನ ನನ್ನ ಯವ್ವಾ ಮುಗಿದ ಮೇಲೆ ಅವ್ವ ನನ್ನನ್ನು ಹುಸೇನಸಾಬರ ಅಂಗಡಿಗೆ ಚಹಾ ಹೇಳಲು ಕಳಿಸಿದ್ದಳು. ಹೋಗಿ ಬರುವಷ್ಟರಲ್ಲಿ ಇನ್ನೊಂದಿಷ್ಟು ಹಾಡಿ ಮುಗಿಸಿದ್ದಳು. ಅದು ನನ್ನ ಬಗ್ಗೆ ಎಂದು ಶಾಂತಾಳ ನಗೆಯಿಂದ ತಿಳಿಯಿತು. ಏನು ಹಾಡಿದಳೆಂದು ಶಾಂತಾ ಹೇಳುವುದಿಲ್ಲ. ಬಸಮ್ಮ ಹೇಳುವುದಿಲ್ಲ. ಹುಸೇನಸಾಬರಿಗೂ ಅದು ತಲುಪಿದೆ. ಕೇಳಿದರೆ ಚಹಾ ಸೋಸುತ್ತ, ಭಾಳ ಚಲೋ ಹಾಡ್ಯಾರ್ರಿ ಎನ್ನುತ್ತಾರೆ, ಅಷ್ಟೇ. ಅವ್ವನನ್ನೇ ಕೇಳಿದೆ. 'ನಾ ಹೋದ ದಿನ ಹಚ್ಚತಾರ, ಅವತ್ತ ಕೇಳೀಯಂತ ಬಿಡು,' ಎಂದಳು. ನನ್ನ ಸರ್ವಿಸಿನಲ್ಲಿ ನೋಡದೆ ಬಿಟ್ಟ ಟಿಕೆಟ್ ಒಂದೂ ಇಲ್ಲ. ಇದೊಂದನ್ನು ಮಾತ್ರ ಯಾರೂ ನನಗೆ ತೋರಿಸದಿರಲಿ ಎಂದು, ಅವ್ವ ಮಗಳ ಮೊಬೈಲನ್ನು ಕಿವಿಗೆ ಹಿಡಿದಾಗಲೆಲ್ಲ ನಾನು ಕಿಟಕಿಯ ಹೊರಗೆ ನೋಡುತ್ತೇನೆ.